ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಚಿತ್ರ ಯಾಕೆ ಕೆಡುತ್ತದೆ, ಸರಿಯಾಗಿ ಮೂಡಿಸುವುದು ಹೇಗೆ

ದಾವಣಗೆರೆಯ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿ, ಪಿ.ಬಿ. ರಸ್ತೆಯ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು, ಊರ ಹೊರಗಿನ ವೇ ಬ್ರಿಡ್ಜ್. ಇಂಥ ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ದುಡಿಯುತ್ತಿದೆ. ಕಾರಣ ಸರಳ. ಈ ಪ್ರಿಂಟರ್ ರಿಬ್ಬನ್ ಮೇಲೆ ಪಿನ್‌ಗಳಿಂದ ಹೊಡೆದು ಬರೆಯುತ್ತದೆ. ಕಾರ್ಬನ್ ಪ್ರತಿಯ ಹಾಳೆ ಹಾಕಿದರೆ ಒಂದೇ ಏಟಿಗೆ ಮೂರು ನಾಲ್ಕು ಕಾಪಿ ಸಿಗುತ್ತದೆ. ಮಾಲು ಕಳಿಸಿದವರಿಗೊಂದು, ತಗೊಳ್ಳುವವರಿಗೊಂದು, ಡ್ರೈವರ್‌ಗೊಂದು, ಆಫೀಸಿಗೊಂದು. ಲೇಸರ್ ಪ್ರಿಂಟರ್‌ಗೆ ಈ ಕೆಲಸ ಬರುವುದಿಲ್ಲ.

ಇಂಗ್ಲಿಷ್ ಅಕ್ಷರ, ಅಂಕಿ ಬರೆಯುವವರೆಗೆ ಯಾವ ತಕರಾರೂ ಇಲ್ಲ. ಬಿಲ್ಲಿನ ತಲೆಗೆ ಲೋಗೋ ಬೇಕು, ರೈತರ ಹೆಸರು ಕನ್ನಡದಲ್ಲೇ ಬರಬೇಕು, ಕೆಳಗೆ ಯುಪಿಐ ಕ್ಯೂಆರ್ ಕೋಡ್ ಇರಬೇಕು ಅಂದಾಗ ಕಷ್ಟ ಶುರುವಾಗುತ್ತದೆ. ಚಿತ್ರದ ಜಾಗದಲ್ಲಿ ಏನೇನೋ ಅಕ್ಷರ, ಅಡ್ಡ ಪಟ್ಟಿ, ಖಾಲಿ ಹಾಳೆ. "ಪ್ರಿಂಟರ್ ಕೆಟ್ಟೈತಿ ನೋಡ್ರಣ್ಣ, ಹೊಸಾದು ತರಬೇಕೇನು?" ಅಂತ ಗುಮಾಸ್ತರು ಕೇಳುತ್ತಾರೆ.

ಬಹುಪಾಲು ಸಲ ಪ್ರಿಂಟರ್ ಕೆಟ್ಟಿರುವುದಿಲ್ಲ. ಸಾಫ್ಟ್‌ವೇರ್ ಒಂದು ಭಾಷೆಯಲ್ಲಿ ಆಜ್ಞೆ ಕೊಡುತ್ತಿರುತ್ತದೆ, ಪ್ರಿಂಟರ್ ಕಲಿತಿರುವುದು ಇನ್ನೊಂದನ್ನು. ಕಾಗದದ ಮೇಲೆ ಬಿದ್ದ ಕಸವನ್ನು ಗಮನಿಸಿ ನೋಡಿದರೆ ಎಲ್ಲಿ ಮಾತು ತಪ್ಪಿದೆ ಅಂತ ಅದೇ ಹೇಳುತ್ತದೆ. ಈ ಓದುವ ವಿದ್ಯೆ ಕಲಿತರೆ ಗಟ್ಟಿಮುಟ್ಟಾದ ಎಷ್ಟೋ ಪ್ರಿಂಟರ್‌ಗಳು ಗುಜರಿಗೆ ಹೋಗುವುದು ತಪ್ಪುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಪಿನ್ನು, ಚುಕ್ಕಿ, ಅಂಕಿ

ಈ ಪ್ರಿಂಟರ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಟೆಕ್ಸ್ಟ್ ಮೋಡ್. ಕಂಪ್ಯೂಟರ್ 65 ಎಂಬ ಅಂಕಿ ಕಳಿಸುತ್ತದೆ. ಪ್ರಿಂಟರ್ ತನ್ನೊಳಗಿನ ಚಿಪ್‌ನಲ್ಲಿ 65ಕ್ಕೆ ಯಾವ ಆಕಾರ ಇದೆ ಅಂತ ನೋಡಿ ಇಂಗ್ಲಿಷಿನ ದೊಡ್ಡ ಎ ಅಕ್ಷರ ಹೊಡೆಯುತ್ತದೆ. ಆಕಾರ ಇರುವುದು ಪ್ರಿಂಟರ್ ಹತ್ತಿರ. ಕಂಪ್ಯೂಟರ್ ಹೇಳುವುದು ಅದರ ನಂಬರ್ ಮಾತ್ರ. ಎರಡನೆಯದು ಗ್ರಾಫಿಕ್ಸ್ ಮೋಡ್. ಇಲ್ಲಿ ಆಕಾರ ಇರುವುದು ಕಂಪ್ಯೂಟರ್ ಹತ್ತಿರ. ಯಾವ ಜಾಗದಲ್ಲಿ ಯಾವ ಪಿನ್ ಹೊಡೆಯಬೇಕು ಅಂತ ಅದೇ ಒಂದೊಂದಾಗಿ ಹೇಳಬೇಕು.

ನಮ್ಮ ಕಡೆ ಅಂಗಡಿಗಳಲ್ಲಿ ಕಾಣುವ ಸಾಮಾನ್ಯ ಮಾಡೆಲ್‌ಗಳ ಚಿಪ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಅವುಗಳಿಗೆ ಕನ್ನಡದ ಪ್ರತಿ ಅಕ್ಷರವೂ ಒಂದು ಚಿತ್ರ. "ನನಗೆ ಲೋಗೋ ಬೇಡ, ಬರೀ ಕನ್ನಡದಲ್ಲಿ ಹೆಸರು ಬಂದರೆ ಸಾಕು" ಅನ್ನುವವರೂ ಗ್ರಾಫಿಕ್ಸನ್ನೇ ಕೇಳುತ್ತಿದ್ದಾರೆ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಇದೇ ಕಾರಣಕ್ಕೆ ಭಾರತೀಯ ಭಾಷೆಗಳಿಗೆ ಬೇರೆ ವ್ಯವಸ್ಥೆಯೇ ಬೇಕಾಯಿತು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಮುಂದೆ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಬೆಳೆಸಿದ, ಕಂಪ್ಯೂಟರ್ ಒಳಗೆ ಕೂರಿಸುವ ಜಿಸ್ಟ್ ಕಾರ್ಡ್ ಅಂಥದ್ದು.

ಈಗ ಪಿನ್‌ಗಳನ್ನು ಹೊತ್ತು ಅತ್ತಿತ್ತ ಓಡುವ ಪ್ರಿಂಟರ್ ಹೆಡ್ ನೋಡೋಣ. ಎಪ್ಸನ್‌ನಲ್ಲಿ ಎಲ್‌ಎಕ್ಸ್, ಎಫ್‌ಎಕ್ಸ್ ಎಂದು ಶುರುವಾಗುವ ಮಾಡೆಲ್‌ಗಳಿಗೆ 9 ಪಿನ್. ಎಲ್‌ಕ್ಯೂ ಅಂತ ಇದ್ದರೆ 24 ಪಿನ್. 9 ಪಿನ್ನಿನ ಹೆಡ್‌ನಲ್ಲಿ ಪಿನ್‌ಗಳು ಮೇಲಿಂದ ಕೆಳಗೆ ಒಂದೇ ಸಾಲಾಗಿ, ಇಂಚಿಗೆ 72ರ ಲೆಕ್ಕದಲ್ಲಿ ನಿಂತಿರುತ್ತವೆ. ಚಿತ್ರ ಬರೆಯುವಾಗ ಸಾಮಾನ್ಯವಾಗಿ ಮೇಲಿನ 8 ಪಿನ್ ಮಾತ್ರ ಬಳಕೆಯಾಗುತ್ತವೆ, ಯಾಕೆಂದರೆ ಕಂಪ್ಯೂಟರ್ ಕಳಿಸುವ ಒಂದೊಂದು ಅಂಕಿ ಒಂದು ಬೈಟ್, ಅದರಲ್ಲಿರುವುದು 8 ಬಿಟ್, ಅಂದರೆ ಹೌದು ಇಲ್ಲ ಅನ್ನುವ 8 ಗುರುತು.

ಈ 8 ಪಿನ್‌ಗಳಿಗೆ ಮೇಲಿಂದ ಕೆಳಕ್ಕೆ 128, 64, 32, 16, 8, 4, 2, 1 ಅಂತ ಬೆಲೆ. ಯಾವ ಪಿನ್ ಹೊಡೆಯಬೇಕೋ ಅವುಗಳ ಬೆಲೆ ಕೂಡಿಸಿ ಕಳಿಸಬೇಕು. ಎಲ್ಲವೂ ಹೊಡೆಯಬೇಕಾದರೆ 255. ತುದಿಯದು ಮತ್ತು ಬುಡದ್ದು ಮಾತ್ರ ಆದರೆ 128 ಮತ್ತು 1 ಸೇರಿ 129. ಒಂದು ಪುಟ್ಟ ಚೌಕ ಬರೆಯಬೇಕು ಅಂದುಕೊಳ್ಳಿ. ಎಡಗಡೆ ಗೋಡೆಗೆ 255, ನಡುವೆ ಆರು ಸಲ 129, ಬಲಗಡೆ ಗೋಡೆಗೆ ಮತ್ತೆ 255. ಒಟ್ಟು 8 ಅಂಕಿ.

ಸುಮ್ನೆ ಈ ಅಂಕಿಗಳನ್ನು ಕಳಿಸಿದರೆ ಪ್ರಿಂಟರ್ ಅವುಗಳನ್ನು ಅಕ್ಷರ ಅಂದುಕೊಳ್ಳುತ್ತದೆ. ಅದಕ್ಕೆ ಮೊದಲು ಒಂದು ಆಜ್ಞೆ ಕೊಡಬೇಕು. ಆಜ್ಞೆ ಶುರುವಾಗುವುದು 27 ಎಂಬ ಅಂಕಿಯಿಂದ. ಇದಕ್ಕೆ ಎಸ್ಕೇಪ್ ಅಂತ ಹೆಸರು. ಅದರ ಹಿಂದೆ ಇಂಗ್ಲಿಷಿನ ದೊಡ್ಡ ಕೆ ಬಂದರೆ "ಇಂಚಿಗೆ 60 ಚುಕ್ಕಿಯ ಚಿತ್ರ ಬರುತ್ತಿದೆ" ಅಂತ ಅರ್ಥ. ಎಲ್ ಬಂದರೆ ಇಂಚಿಗೆ 120 ಚುಕ್ಕಿ. ಆಮೇಲೆ ಎಷ್ಟು ಕಾಲಮ್, ಅಂದರೆ 8 ಚುಕ್ಕಿಯ ನಿಲುವು ಸಾಲು, ಬರುತ್ತವೆ ಅನ್ನುವ ಎಣಿಕೆ, ಎರಡು ಅಂಕಿಗಳಲ್ಲಿ. ಎರಡನೇ ಅಂಕಿಗೆ 256ರ ತೂಕ. ನಮ್ಮ ಚೌಕಕ್ಕೆ 8, 0 ಸಾಕು. 8 ಇಂಚು ಅಗಲದ ಪೂರ್ತಿ ಸಾಲಿಗೆ 480 ಕಾಲಮ್ ಬೇಕು, ಅಂದರೆ 224 ಮತ್ತು 1.

ಈ ಎಣಿಕೆಯನ್ನು ಚೆನ್ನಾಗಿ ನೆನಪಿಡಿ, ಅರ್ಧದಷ್ಟು ಗಲಾಟೆಗೆ ಇದೇ ಮೂಲ. 480 ಬರುತ್ತದೆ ಅಂತ ಹೇಳಿದ ಮೇಲೆ ಪ್ರಿಂಟರ್ ಮುಂದಿನ 480 ಬೈಟ್‌ಗಳನ್ನು ಕಣ್ಣುಮುಚ್ಚಿ ಚಿತ್ರ ಅಂತಲೇ ಹೊಡೆಯುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಬೈಟ್ ಸೇರಿಸಿದರೆ ಚಿತ್ರದ ಕೊನೆಯ ಬೈಟ್ ಹೊರಗುಳಿದು ಅಕ್ಷರವಾಗಿ ಮೂಡುತ್ತದೆ. ಒಂದು ಬೈಟ್ ಕಳೆದುಹೋದರೆ ಮುಂದಿನ ಸಾಲಿನ ಆಜ್ಞೆಯನ್ನೇ ಚಿತ್ರ ಅಂತ ನುಂಗಿಬಿಡುತ್ತದೆ. ಆಮೇಲೆ ಇಡೀ ಹಾಳೆ ಅಡ್ಡಾದಿಡ್ಡಿ.

ಹೆಡ್ ಒಂದು ಓಟದಲ್ಲಿ ಮೂಡಿಸುವ 8 ಚುಕ್ಕಿ ಎತ್ತರದ ಪಟ್ಟಿ ಮುಗಿದ ಮೇಲೆ ಕಾಗದ ಸರಿಯಾಗಿ 8 ಚುಕ್ಕಿಯಷ್ಟೇ ಮೇಲೇರಬೇಕು. ಅಂದರೆ ಇಂಚಿನ 72 ಭಾಗಗಳಲ್ಲಿ 8. ಎಸ್ಕೇಪ್, 3, 24 ಎಂಬ ಆಜ್ಞೆ ಈ ಕೆಲಸ ಮಾಡುತ್ತದೆ. 3 ಇಲ್ಲಿ ಅಕ್ಷರವಾಗಿ ಹೋಗಬೇಕು, 24 ಎಂಬುದು ಒಂದೇ ಬೈಟ್‌ನ ಅಂಕಿಯಾಗಿ. 9 ಪಿನ್ ಪ್ರಿಂಟರ್ ಈ 24ನ್ನು 216ನೇ ಒಂದು ಇಂಚಿನ ಲೆಕ್ಕದಲ್ಲಿ ಅಳೆಯುತ್ತದೆ. 24ನ್ನು 216ರಿಂದ ಭಾಗಿಸಿದರೂ 8ನ್ನು 72ರಿಂದ ಭಾಗಿಸಿದರೂ ಉತ್ತರ ಒಂದೇ, ಇಂಚಿನ ಒಂಬತ್ತನೇ ಒಂದು ಭಾಗ.

ಗ್ರಾಫಿಕ್ಸ್ ಯಾಕಿಷ್ಟು ನಿಧಾನ ಅಂತಲೂ ಈಗ ಲೆಕ್ಕ ಹಾಕಬಹುದು. 11 ಇಂಚಿನ ಹಾಳೆಗೆ 99 ಪಟ್ಟಿ. ಇಂಚಿಗೆ 120 ಚುಕ್ಕಿಯಂತೆ ಒಂದೊಂದು ಪಟ್ಟಿಗೆ 960 ಬೈಟ್. ಒಟ್ಟು 95,040. ಅದೇ ಹಾಳೆಯನ್ನು 80 ಅಕ್ಷರದ 66 ಸಾಲುಗಳಿಂದ ತುಂಬಿಸಿದರೆ 5,280. ಹದಿನೆಂಟು ಪಟ್ಟು ವ್ಯತ್ಯಾಸ. ಅದಕ್ಕೇ ಪೂರ್ತಿ ಬಿಲ್ಲನ್ನು ಚಿತ್ರವಾಗಿ ಕಳಿಸುವ ಬದಲು ಲೋಗೋ, ಹೆಸರು, ಕೋಡ್ ಮಾತ್ರ ಚಿತ್ರವಾಗಿ, ಉಳಿದ ಅಂಕಿಅಂಶ ಟೆಕ್ಸ್ಟ್ ಆಗಿ ಹೋದರೆ ಒಳ್ಳೇದು. ಹರಾಜು ಮುಗಿದು ರೈತರು ಸಾಲಾಗಿ ನಿಂತಿರುವ ಹೊತ್ತಿನಲ್ಲಿ ಈ ಹದಿನೆಂಟು ಪಟ್ಟು ಜಾಸ್ತಿ ಕಾಡುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಎಂಟು ಚುಕ್ಕಿಯ ಎತ್ತರದಲ್ಲಿ ಇಂಗ್ಲಿಷ್ ಅಕ್ಷರ ಹೇಗೋ ಕೂರುತ್ತದೆ. ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ ಇರುವ ನಮ್ಮ ಅಕ್ಷರ ಕೂರುವುದಿಲ್ಲ. "ರಾಷ್ಟ್ರ" ಎಂದು ಬರೆದು ನೋಡಿ, ಷಕಾರದ ಕೆಳಗೆ ಎರಡು ಒತ್ತು. ಇದು ಓದುವಂತೆ ಬರಬೇಕಾದರೆ ಎತ್ತರಕ್ಕೆ ಇಪ್ಪತ್ತರ ಆಚೀಚೆ ಚುಕ್ಕಿಗಳಾದರೂ ಬೇಕು. 24 ಚುಕ್ಕಿ ಅಂತ ಇಟ್ಟುಕೊಂಡರೆ 9 ಪಿನ್ ಪ್ರಿಂಟರ್‌ನಲ್ಲಿ ಹೆಡ್ ಮೂರು ಸಲ ಓಡಾಡಬೇಕು, ಅಕ್ಷರದ ಸಾಲು ಇಂಚಿನ ಮೂರನೇ ಒಂದು ಭಾಗದಷ್ಟು ದೊಡ್ಡದಾಗುತ್ತದೆ. 24 ಪಿನ್ ಪ್ರಿಂಟರ್‌ನಲ್ಲಿ ಅಷ್ಟೇ ಚುಕ್ಕಿಗಳು ಇಂಚಿಗೆ 180ರಂತೆ ಒಂದೇ ಓಟದಲ್ಲಿ ಮುಗಿಯುತ್ತವೆ, ಸಾಲಿನ ಎತ್ತರ ಅದರ ಅರ್ಧಕ್ಕಿಂತ ಕಡಿಮೆ. ಕನ್ನಡ ಬಿಲ್ಲಿಗೆ ಹಳೇ ಪ್ರಿಂಟರ್ ಕೊಳ್ಳುವವರು ನನ್ನನ್ನು ಕೇಳಿದರೆ 24 ಪಿನ್ನಿನದೇ ಹುಡುಕಿ ಅನ್ನುತ್ತೇನೆ.

ಒಂದೇ ಆಜ್ಞೆಗೆ ಎರಡು ಅರ್ಥ ಯಾಕೆ ಬಂತು

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಜೊತೆಗೆ ಐಬಿಎಂ ಹೆಸರಿನಲ್ಲಿ ಮಾರಿದ ಪ್ರಿಂಟರ್ ನಿಜಕ್ಕೂ ಎಪ್ಸನ್‌ನ ಎಂಎಕ್ಸ್-80. ಈ ಎಂಎಕ್ಸ್-80 ಮೊದಲು ಬಂದಾಗ ಅದಕ್ಕೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆಯುವ ಶಕ್ತಿ ಇರಲಿಲ್ಲ. ಗ್ರಾಫ್‌ಟ್ರಾಕ್ಸ್ ಎಂಬ ಹೆಸರಿನ ಚಿಪ್‌ಗಳನ್ನು ಒಳಗೆ ಕೂರಿಸಿದರೆ ಮಾತ್ರ ಬರುತ್ತಿತ್ತು. ಮುಂದೆ ಅದು ಎಲ್ಲ ಮಾಡೆಲ್‌ನಲ್ಲೂ ಸೇರಿಕೊಂಡಿತು. ಎಪ್ಸನ್ ತನ್ನ ಆಜ್ಞೆಗಳನ್ನು ಬೆಳೆಸುತ್ತಾ ಹೋಯಿತು, ಅದು ಇಎಸ್‌ಸಿ/ಪಿ ಅಂತ ಹೆಸರಾಯಿತು. ಐಬಿಎಂ ಪ್ರೊಪ್ರಿಂಟರ್ ಎಂಬ ತನ್ನದೇ ಪ್ರಿಂಟರ್ ಮಾಡಿ ಬೇರೆ ದಾರಿ ಹಿಡಿಯಿತು. ಬುಡ ಒಂದೇ, ಕೊಂಬೆ ಎರಡು. ಉಳಿದ ಕಂಪನಿಗಳು ಈ ಎರಡರಲ್ಲಿ ಒಂದನ್ನೋ ಎರಡನ್ನೂ ಅನುಕರಿಸಿದವು.

ಮೊಳಕಾಲ್ಮೂರು, ಚಳ್ಳಕೆರೆ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಗಡಿ ದಾಟಿದರೆ ತೆಲುಗು ಬೋರ್ಡುಗಳು. ಕನ್ನಡ ಬಲ್ಲವರು ಅರ್ಧ ಅಕ್ಷರಗಳನ್ನು ಸಲೀಸಾಗಿ ಓದುತ್ತಾರೆ, ಒಂದೆರಡು ಕಡೆ ಎಡವುತ್ತಾರೆ. ಎಪ್ಸನ್ ಆಜ್ಞೆ ಮತ್ತು ಐಬಿಎಂ ಆಜ್ಞೆಗಳ ನಂಟೂ ಹೀಗೇ. ಎಸ್ಕೇಪ್ ಕೆ, ಎಸ್ಕೇಪ್ ಎಲ್ ಎರಡಕ್ಕೂ ಗೊತ್ತು. ಆದರೆ ಎಸ್ಕೇಪ್ ಮತ್ತು ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಗ್ರಾಫಿಕ್ಸ್ ಆಜ್ಞೆ ಎಪ್ಸನ್‌ನದು, ಮೂಲ ಪ್ರೊಪ್ರಿಂಟರ್‌ಗೆ ಅದು ಗೊತ್ತಿಲ್ಲ. ಎಸ್ಕೇಪ್ ಎ ಬಂದ ತಕ್ಷಣ ಎಪ್ಸನ್ ಸಾಲಿನ ಅಂತರ ಬದಲಿಸುತ್ತದೆ. ಐಬಿಎಂ ಅಂತರವನ್ನು ನೆನಪಿಟ್ಟುಕೊಳ್ಳುತ್ತದೆ ಅಷ್ಟೆ, ಎಸ್ಕೇಪ್ 2 ಬಂದ ಮೇಲೆ ಜಾರಿ ಮಾಡುತ್ತದೆ.

ದಿನನಿತ್ಯ ಕಾಡುವ ಇನ್ನೊಂದು ವ್ಯತ್ಯಾಸ 128ರಿಂದ ಮೇಲಿನ ಅಂಕಿಗಳದ್ದು. ಐಬಿಎಂ ಆ ಜಾಗದಲ್ಲಿ ಚೌಕಟ್ಟಿನ ಗೆರೆ, ಮೂಲೆ, ತುಂಬಿದ ಕಟ್ಟೆಗಳನ್ನು ಇಟ್ಟಿತು. ಎಪ್ಸನ್ ಓರೆ ಅಕ್ಷರಗಳನ್ನು ಇಟ್ಟಿತು. ಹಳೇ ಡಾಸ್ ಪ್ರೋಗ್ರಾಂ ಬಿಲ್ಲಿನ ಸುತ್ತ ಚೌಕಟ್ಟು ಹಾಕಲು ಹೋದಾಗ ಗೆರೆಯ ಬದಲು ಡಿ, ಡಿ, ಡಿ ಅಂತ ಓರೆ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿದರೆ ಕಾರಣ ಇದೇ. ಅಡ್ಡಗೆರೆಯ ನಂಬರ್ 196. ಅದರಲ್ಲಿ 128 ಕಳೆದರೆ 68, ಅದು ಡಿ. ಇದಕ್ಕೆ ಹೊಸ ಡ್ರೈವರ್, ಅಂದರೆ ಪ್ರಿಂಟರ್‌ಗೆ ಆಜ್ಞೆ ಬರೆದುಕೊಡುವ ಸಾಫ್ಟ್‌ವೇರ್, ಏನೂ ಬೇಡ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಕ್ಯಾರೆಕ್ಟರ್ ಟೇಬಲ್ ಅನ್ನು ಓರೆ ಅಕ್ಷರದ ಇಟಾಲಿಕ್‌ನಿಂದ ಐಬಿಎಂ ಗೆರೆಗಳಿರುವ ಪಿಸಿ437ಕ್ಕೆ ಬದಲಿಸಿದರೆ ಮುಗಿಯಿತು.

ಸೆಟ್ಟಿಂಗ್ ಎಲ್ಲಿದೆ? ತುಂಬಾ ಹಳೇ ಪ್ರಿಂಟರ್‌ಗಳಲ್ಲಿ ಹಿಂದೆ ಅಥವಾ ಮುಚ್ಚಳದ ಒಳಗೆ ಸಣ್ಣ ಡಿಪ್ ಸ್ವಿಚ್‌ಗಳಿರುತ್ತವೆ. ಪವರ್ ಆಫ್ ಮಾಡಿ ಬದಲಿಸಿ ಮತ್ತೆ ಆನ್ ಮಾಡಬೇಕು, ಆನ್ ಆಗುವಾಗ ಮಾತ್ರ ಪ್ರಿಂಟರ್ ಅವುಗಳನ್ನು ಓದುತ್ತದೆ. ನಂತರದ ಮಾಡೆಲ್‌ಗಳಲ್ಲಿ ಬಟನ್ ಒತ್ತಿಹಿಡಿದು ಆನ್ ಮಾಡಿದರೆ ಸೆಟ್ಟಿಂಗ್ ಪಟ್ಟಿ ಕಾಗದದ ಮೇಲೇ ಬರುತ್ತದೆ. ಎಪ್ಸನ್ ಮೋಡೋ ಐಬಿಎಂ ಮೋಡೋ ಅನ್ನುವುದನ್ನೂ ಅಲ್ಲೇ ಆರಿಸಬಹುದು. ಡ್ರೈವರ್ ಹುಡುಕಿ ಇಂಟರ್‌ನೆಟ್ ಜಾಲಾಡುವ ಮುಂಚೆ ಈ ಒಂದು ಸಾಲು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಾಗದದ ಮೇಲಿನ ಗುರುತು ಓದುವುದು

ಚಿತ್ರ ಮೂಡಿದೆ, ಆದರೆ ಪಟ್ಟಿ ಪಟ್ಟಿಗಳ ನಡುವೆ ಬಿಳಿ ಗೆರೆ ಬಿಟ್ಟಿದೆ ಅಂದುಕೊಳ್ಳಿ. ಗ್ರಾಫಿಕ್ಸ್ ಆಜ್ಞೆ ಪ್ರಿಂಟರ್‌ಗೆ ತಿಳಿದಿದೆ, ಸಾಲಿನ ಅಂತರದ ಆಜ್ಞೆ ತಿಳಿದಿಲ್ಲ. ಮಾಮೂಲಿ ಅಂತರ ಇಂಚಿನ ಆರನೇ ಒಂದು ಭಾಗ, ನಮಗೆ ಬೇಕಾದ್ದು ಒಂಬತ್ತನೇ ಒಂದು. ಅದೇ ಬಿಳಿ ಗೆರೆ. ಎಪ್ಸನ್ ಡ್ರೈವರ್, ಐಬಿಎಂ ಮೋಡ್‌ನಲ್ಲಿರುವ ಪ್ರಿಂಟರ್, ಈ ಜೋಡಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಎಸ್ಕೇಪ್ ಎ ಆಜ್ಞೆಯನ್ನೇ.

ಬಿಳಿ ಜಾಗ ಇನ್ನೂ ಜಾಸ್ತಿ ಇದ್ದು, ಟೆಕ್ಸ್ಟ್ ಸಾಲುಗಳೂ ಒಂದು ಬಿಟ್ಟು ಒಂದರಂತೆ ಬರುತ್ತಿದ್ದರೆ ಅದು ಬೇರೆ ಕಾಯಿಲೆ. ಪ್ರಿಂಟರ್‌ನ ಆಟೋ ಲೈನ್‌ಫೀಡ್ ಆನ್ ಆಗಿದೆ. ಸಾಫ್ಟ್‌ವೇರ್ ಒಂದು ಸಲ ಕಾಗದ ಸರಿಸುತ್ತದೆ, ಪ್ರಿಂಟರ್ ತಾನಾಗಿ ಇನ್ನೊಂದು ಸಲ ಸರಿಸುತ್ತದೆ. ಅದನ್ನು ಆಫ್ ಮಾಡಿ. ಎಲ್ಲವೂ ಒಂದೇ ಸಾಲಿನ ಮೇಲೆ ಕಪ್ಪಾಗಿ ಬೀಳುತ್ತಿದ್ದರೆ ಇದಕ್ಕೆ ಉಲ್ಟಾ, ಆನ್ ಮಾಡಬೇಕು.

ಚಿತ್ರ ಅರ್ಧಕ್ಕೆ ನಿಂತು, ಮುಂದೆ ಏನೂ ಬಾರದೆ ಸುಮ್ಮನಾದರೆ ನನಗೆ ಮೊದಲು ನೆನಪಾಗುವುದು 26. ಡಾಸ್‌ಗೆ 26 ಅಂದರೆ ಫೈಲ್ ಮುಗಿಯಿತು ಅಂತ ಅರ್ಥ. ಟೆಕ್ಸ್ಟ್ ಫೈಲಿನಲ್ಲಿ ಅದು ನಡುವೆ ಬರುವುದಿಲ್ಲ. ಚಿತ್ರದಲ್ಲಿ 16, 8, 2ರ ಪಿನ್‌ಗಳು ಒಟ್ಟಿಗೆ ಹೊಡೆಯಬೇಕಾದ ಕಡೆಯೆಲ್ಲ 26 ಬರುತ್ತದೆ. ಫೈಲನ್ನು ಪ್ರಿಂಟರ್‌ಗೆ ಕಳಿಸುವ ಡಾಸ್‌ನ ಕಾಪಿ ಕಮಾಂಡ್ ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಕಾಪಿ ಪದದ ಮುಂದೆ ಸ್ಲ್ಯಾಶ್ ಬಿ ಸೇರಿಸಿದರೆ ಪೂರ್ತಿ ಫೈಲ್ ಇದ್ದಂತೆಯೇ ಹೋಗುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ಪ್ರಿಂಟರ್‌ನ ಬೋರ್ಡ್ ಬದಲಿಸುವ ಮಾತು ಬರಬಾರದು, ಅಲ್ವಾ?

ಪಟ್ಟಿಯ ಎಡಭಾಗ ಸರಿಯಿದ್ದು ಒಂದು ಹಂತದಿಂದಾಚೆ ಕೆಡುತ್ತಿದ್ದರೆ ದಾರಿಯಲ್ಲಿ ಯಾರೋ ಬೈಟ್ ಸೇರಿಸುತ್ತಿದ್ದಾರೆ ಅಂತ ಲೆಕ್ಕ. ಡಾಸ್ ಕಾಲದ ಪ್ರೋಗ್ರಾಂ ಭಾಷೆ ಜಿಡಬ್ಲ್ಯೂ ಬೇಸಿಕ್‌ನಲ್ಲಿ ಬರೆದ ಹಳೇ ಪ್ರೋಗ್ರಾಂಗಳು ಇದಕ್ಕೆ ಒಳ್ಳೇ ಉದಾಹರಣೆ. ಸಾಲಿಗೆ 80 ಅಕ್ಷರ ಅಂತ ನಂಬಿ, 80 ಬೈಟ್ ಆದಮೇಲೆ ಹೊಸ ಸಾಲಿನ ಸೂಚನೆ ತಾನಾಗಿ ತುರುಕುತ್ತವೆ. ಪ್ರೋಗ್ರಾಂನ ಶುರುವಿನಲ್ಲಿ ಪ್ರಿಂಟರ್‌ನ ವಿಡ್ತ್ 255 ಅಂತ ಕೊಟ್ಟರೆ ತುರುಕುವುದು ನಿಲ್ಲುತ್ತದೆ.

ಚಿತ್ರದ ಪ್ರತಿ ಪಟ್ಟಿಯೂ ತಲೆಕೆಳಗಾಗಿದ್ದು, ಪಟ್ಟಿಗಳ ಕ್ರಮ ಮಾತ್ರ ಸರಿಯಿದ್ದರೆ ನೀವು ಬೇರೆ ಮನೆತನದ ಪ್ರಿಂಟರ್ ಮುಂದೆ ಕೂತಿದ್ದೀರಿ. ಸಿ.ಇಟೋ 8510, ಅದರಿಂದ ಹುಟ್ಟಿದ ಆಪಲ್ ಇಮೇಜ್‌ರೈಟರ್ ಇಂಥವು. ಇವುಗಳಲ್ಲಿ ಮೇಲಿನ ಪಿನ್‌ಗೆ 1, ಕೆಳಗಿನ ಪಿನ್‌ಗೆ 128. ಆಜ್ಞೆಯೂ ಬೇರೆ. ಎಣಿಕೆಯನ್ನು ಎರಡು ಬೈಟ್‌ಗಳ ಬದಲು ನಾಲ್ಕು ಅಂಕಿಗಳ ಅಕ್ಷರಗಳಾಗಿ, 0480 ಎಂಬಂತೆ ಬರೆದು ಕಳಿಸಬೇಕು. ನಮ್ಮ ಕಡೆ ಇವು ಅಪರೂಪ. ಸಿಕ್ಕರೆ ಎಪ್ಸನ್ ಡ್ರೈವರ್ ಜೊತೆ ಗುದ್ದಾಡಬೇಡಿ. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಓಡುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇವೆರಡಕ್ಕೂ, ಐಬಿಎಂ ಪ್ರೊಪ್ರಿಂಟರ್‌ಗೂ, ಒಕಿಯ ಕೆಲವು ಮಾಡೆಲ್‌ಗೂ ಬೇರೆ ಬೇರೆ ಔಟ್‌ಪುಟ್ ಇದೆ. ಪಿಡಿಎಫ್ ಕೊಟ್ಟರೆ ಆ ಪ್ರಿಂಟರ್‌ಗೆ ತಿಳಿಯುವ ಬೈಟ್‌ಗಳಾಗಿ ಬದಲಿಸಿ ಕೊಡುತ್ತದೆ.

ಗುಂಡಗಿರುವ ಲೋಗೋ ಮೊಟ್ಟೆಯಂತೆ ಉದ್ದವಾಗಿ ಬಂದರೆ 9 ಪಿನ್ನಿಗೆ ಬರೆದ ಆಜ್ಞೆ 24 ಪಿನ್ ಪ್ರಿಂಟರ್‌ಗೆ ಹೋಗುತ್ತಿದೆ. 24 ಪಿನ್ನಿನ ಎಪ್ಸನ್ ಈ ಹಳೇ ಆಜ್ಞೆಗಳನ್ನು ಒಪ್ಪುತ್ತದೆ, ಆದರೆ ಎತ್ತರದಲ್ಲಿ ಇಂಚಿಗೆ 72ರ ಬದಲು 60 ಚುಕ್ಕಿ ಹಾಕುತ್ತದೆ. ಹಾಗಾಗಿ ಚಿತ್ರ ಎತ್ತರದಲ್ಲಿ ಶೇಕಡ 20ರಷ್ಟು ಬೆಳೆಯುತ್ತದೆ. ಇಲ್ಲೊಂದು ಸೊಗಸು ಇದೆ. 24 ಪಿನ್ ಪ್ರಿಂಟರ್ ಎಸ್ಕೇಪ್ 3ರ ಅಂಕಿಯನ್ನು 180ನೇ ಒಂದು ಇಂಚಿನಲ್ಲಿ ಅಳೆಯುತ್ತದೆ. 24ನ್ನು 180ರಿಂದ ಭಾಗಿಸಿದರೆ ಬರುವುದು ಸರಿಯಾಗಿ 8ನ್ನು 60ರಿಂದ ಭಾಗಿಸಿದಷ್ಟೇ. ಅಂದರೆ ಅದೇ 24 ಎರಡೂ ಕಡೆ ಬಿಳಿ ಗೆರೆ ಬಿಡದೆ ಪಟ್ಟಿಗಳನ್ನು ಕೂಡಿಸುತ್ತದೆ. ಯಾವ ಪ್ರಿಂಟರ್ ಅಂತ ಗೊತ್ತಿಲ್ಲದೆ ಪ್ರೋಗ್ರಾಂ ಬರೆಯಬೇಕಾದರೆ ಎಸ್ಕೇಪ್ 3, 24 ಮತ್ತು ಎಸ್ಕೇಪ್ ಎಲ್, ಈ ಜೋಡಿಯೇ ನಂಬಿಕಸ್ಥ.

ನೆಟ್ಟಗಿನ ಗೆರೆ ಪಟ್ಟಿಯಿಂದ ಪಟ್ಟಿಗೆ ಅತ್ತಿತ್ತ ಹಾರುತ್ತಿದ್ದರೆ ಅದಕ್ಕೂ ಭಾಷೆಗೂ ಸಂಬಂಧ ಇಲ್ಲ. ಹೆಡ್ ಹೋಗುವಾಗಲೂ ಬರುವಾಗಲೂ ಹೊಡೆಯುತ್ತಿದೆ, ಹಳೇ ಯಂತ್ರದಲ್ಲಿ ಬೆಲ್ಟ್ ಸ್ವಲ್ಪ ಸಡಿಲ. ಎಸ್ಕೇಪ್ ಯು 1 ಕಳಿಸಿದರೆ ಒಂದೇ ದಿಕ್ಕಿನಲ್ಲಿ ಹೊಡೆಯುತ್ತದೆ. ನಿಧಾನವಾಗುತ್ತದೆ, ಆದರೆ ಕ್ಯೂಆರ್ ಕೋಡ್‌ಗೆ ಇದು ಬೇಕೇ ಬೇಕು.

ಪ್ರಿಂಟರ್‌ನಿಂದಲೇ ಸಾಕ್ಷಿ ಪಡೆಯುವುದು

ಗುರುತು ನೋಡಿಯೂ ಗೊತ್ತಾಗದಿದ್ದರೆ ಇನ್ನೊಂದು ಅದ್ಭುತ ಸೌಕರ್ಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಹೆಕ್ಸ್ ಡಂಪ್. ಎಪ್ಸನ್ ಬಗೆಯ ಬಹಳಷ್ಟು ಪ್ರಿಂಟರ್‌ಗಳಲ್ಲಿ ಮುಂದಿನ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿಹಿಡಿದು ಆನ್ ಮಾಡಿದರೆ ಅದು ಆಜ್ಞೆ ಪಾಲಿಸುವುದನ್ನು ಬಿಟ್ಟು, ಬಂದ ಪ್ರತಿ ಬೈಟನ್ನೂ ಅಂಕಿಯಾಗಿ ಬರೆದು ತೋರಿಸುತ್ತದೆ. ಯಾವ ಬಟನ್ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ, ಮ್ಯಾನ್ಯುಯಲ್ ನೋಡಿ. ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ. 1ಬಿ ಅಂದರೆ ಎಸ್ಕೇಪ್. 1ಬಿ 33 18 ಕಂಡರೆ ಅದು ನಮ್ಮ ಎಸ್ಕೇಪ್ 3, 24. 1ಬಿ 4ಬಿ ಅಂದರೆ ಎಸ್ಕೇಪ್ ಕೆ. 1ಬಿ 2ಎ ಅಂದರೆ ನಕ್ಷತ್ರದ ಆಜ್ಞೆ, ಅಂದರೆ ಸಾಫ್ಟ್‌ವೇರ್ ಎಪ್ಸನ್ ಭಾಷೆಯಲ್ಲಿದೆ. ಒಂದೂ 1ಬಿ ಕಾಣದಿದ್ದರೆ ಚಿತ್ರ ಕಂಪ್ಯೂಟರ್‌ನಿಂದ ಹೊರಟೇ ಇಲ್ಲ, ಪ್ರಿಂಟರ್‌ನ ತಪ್ಪು ಹುಡುಕುವುದು ದಂಡ.

ಇದರ ಜೊತೆಗೆ ಮೇಲೆ ಹೇಳಿದ ಪುಟ್ಟ ಚೌಕದ ಬೈಟ್‌ಗಳನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ಅಂಕಿಯಾಗಿ ತೋರಿಸಿ ತಿದ್ದಲು ಬಿಡುವ ಸಾಫ್ಟ್‌ವೇರ್) ಒಂದು ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಎಸ್ಕೇಪ್, ಕೆ, 8, 0, ಆಮೇಲೆ 255, ಆರು ಸಲ 129, 255, ಕೊನೆಗೆ ಸಾಲು ಮುಗಿಸುವ 13 ಮತ್ತು 10. ಚೌಕ ಬಂದರೆ ಕೇಬಲ್, ಪೋರ್ಟ್, ಹೆಡ್ ಮೂರೂ ಸರಿ, ಎಸ್ಕೇಪ್ ಕೆ ಕೂಡ ಪ್ರಿಂಟರ್‌ಗೆ ಗೊತ್ತು. ಎಪ್ಸನ್ ಮೋಡೋ ಐಬಿಎಂ ಮೋಡೋ ಅನ್ನುವುದು ಮಾತ್ರ ಇದರಿಂದ ಗೊತ್ತಾಗುವುದಿಲ್ಲ. 9 ಪಿನ್ ಪ್ರಿಂಟರ್‌ನಲ್ಲಿ ಚೌಕದ ಅಗಲ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ, ಅದು ತಪ್ಪಲ್ಲ. ಅಡ್ಡಕ್ಕೆ ಇಂಚಿಗೆ 60, ಉದ್ದಕ್ಕೆ 72.

ವಿಂಡೋಸ್‌ನ ಗೊಂದಲ

ವಿಂಡೋಸ್‌ನಲ್ಲಿ ಡ್ರೈವರ್ ಸರಿಯಿದ್ದರೆ ಅದೇ ಚಿತ್ರವನ್ನು ಪಟ್ಟಿ ಮಾಡಿ ಕಳಿಸುತ್ತದೆ. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಬರೆದ ಕನ್ನಡವೂ ಹೀಗೆ ಚಿತ್ರವಾಗಿಯೇ ಹೋಗುತ್ತದೆ. ತೊಂದರೆ ಬರುವುದು ಜೆನೆರಿಕ್ ಟೆಕ್ಸ್ಟ್ ಓನ್ಲಿ ಎಂಬ ಡ್ರೈವರ್‌ನಿಂದ. ಬಿಲ್ ಬೇಗ ಬರಲಿ ಅಂತ ಯಾರೋ ಅದನ್ನು ಹಾಕಿಕೊಟ್ಟಿರುತ್ತಾರೆ. ಅದು ಅಕ್ಷರ ಮಾತ್ರ ಕಳಿಸುತ್ತದೆ, ಚಿತ್ರವನ್ನು ಎಸೆದುಬಿಡುತ್ತದೆ. ಅದು ಇರುವವರೆಗೆ ಲೋಗೋ ಬರುವುದಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲೂ ಪ್ರಿಂಟ್ ಮಾಡುವಾಗ ನೀಟ್ ಮೋಡ್ ಆರಿಸಿದರೆ ಚಿತ್ರ ಬರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಅಥವಾ ಕ್ವಿಕ್ ಫಾರ್ಮ್ಯಾಟ್ ವೇಗಕ್ಕಾಗಿ ಮಾಡಿದ್ದು, ಅಕ್ಷರಕ್ಕಷ್ಟೇ.

ನಿಮ್ಮ ಮಾಡೆಲ್ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರಿಂಟರ್ ಯಾವುದನ್ನು ಅನುಕರಿಸುತ್ತದೆ ಅನ್ನುವುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ ಅದರ ಡ್ರೈವರ್ ಹಾಕಿ. 9 ಪಿನ್‌ಗೆ ಎಪ್ಸನ್ ಎಲ್‌ಎಕ್ಸ್ ಅಥವಾ ಎಫ್‌ಎಕ್ಸ್ ಸಾಲಿನದು, 24 ಪಿನ್‌ಗೆ ಎಲ್‌ಕ್ಯೂ ಸಾಲಿನದು. ಇವೆರಡನ್ನು ಅದಲು ಬದಲು ಮಾಡಬೇಡಿ. 24 ಪಿನ್ನಿನ ಡ್ರೈವರ್ ಕಾಲಮ್‌ಗೆ ಮೂರು ಬೈಟ್ ಕಳಿಸುತ್ತದೆ, 9 ಪಿನ್ ಪ್ರಿಂಟರ್‌ಗೆ ಅದು ಅರ್ಥವಾಗುವುದಿಲ್ಲ. ಲಿನಕ್ಸ್‌ನಲ್ಲಿ ಇನ್ನೂ ಸುಲಭ, ಅಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ವ್ಯವಸ್ಥೆಯಲ್ಲಿ ಎಪ್ಸನ್ 9 ಪಿನ್, ಎಪ್ಸನ್ 24 ಪಿನ್ ಅಂತಲೇ ಎರಡು ಡ್ರೈವರ್‌ಗಳಿವೆ.

ಹಳೇ ಡಾಸ್ ಪ್ರೋಗ್ರಾಂ ಬಿಡಲಾಗದವರ ಕಥೆ ಬೇರೆ. ಫಾಕ್ಸ್‌ಪ್ರೊದಲ್ಲಿ ಬರೆಸಿದ ಲೆಕ್ಕ ಇಂದಿಗೂ ಸರಿಯಾಗಿ ನಡೆಯುತ್ತಿದ್ದರೆ ಯಾಕೆ ಬಿಡಬೇಕು? ಆದರೆ ಹಳೇ ಪ್ರಿಂಟರ್‌ನ ಕೇಬಲ್ ಹಾಕುವ ಪ್ಯಾರಲಲ್ ಪೋರ್ಟ್, ಡಾಸ್‌ನಲ್ಲಿ ಅದರ ಹೆಸರು ಎಲ್‌ಪಿಟಿ1, ಹೊಸ ಕಂಪ್ಯೂಟರ್‌ಗಳಲ್ಲಿ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬರುವ ಕೇಬಲ್ ಹಾಕಿದರೆ ವಿಂಡೋಸ್ ಅದನ್ನು ಎಲ್‌ಪಿಟಿ1 ಅನ್ನುವುದಿಲ್ಲ, ಯುಎಸ್‌ಬಿ001 ಅನ್ನುತ್ತದೆ. ಡಾಸ್ ಪ್ರೋಗ್ರಾಂ ಎಲ್‌ಪಿಟಿ1 ಬಿಟ್ಟು ಬೇರೆ ನೋಡುವುದಿಲ್ಲ. ಪ್ರಿಂಟರನ್ನು ವಿಂಡೋಸ್‌ನಲ್ಲಿ ಶೇರ್ ಮಾಡಿ, ನೆಟ್ ಯೂಸ್ ಕಮಾಂಡ್‌ನಿಂದ ಎಲ್‌ಪಿಟಿ1 ಅನ್ನು ಆ ಶೇರ್‌ಗೆ ಕಟ್ಟಿದರೆ ದಾರಿ ತೆರೆಯುತ್ತದೆ. 64 ಬಿಟ್ ವಿಂಡೋಸ್ ಹಳೇ 16 ಬಿಟ್ ಡಾಸ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ, ಅಲ್ಲಿ ಡಾಸನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಎಂಬ ಸಾಫ್ಟ್‌ವೇರ್ ಬೇಕು. ಅದರಲ್ಲಿ ನಿಜವಾದ ಪ್ಯಾರಲಲ್ ಪೋರ್ಟ್‌ಗೆ ಕಳಿಸಬಹುದು, ಫೈಲಿಗೆ ಬರೆಸಬಹುದು, ಇಲ್ಲವೇ ಅದೇ ಎಪ್ಸನ್ ಪ್ರಿಂಟರ್‌ನಂತೆ ನಟಿಸಿ ಹಾಳೆಯನ್ನು ಚಿತ್ರವಾಗಿ ಕೊಡುತ್ತದೆ.

ಡಾಸ್ ಬಿಲ್ಲಿಗೆ ಲೋಗೋ ಸೇರಿಸಲು ಪ್ರೋಗ್ರಾಂ ಮುಟ್ಟಲೇಬೇಕು ಅಂತಿಲ್ಲ. ವಿಂಡೋಸ್‌ನಲ್ಲಿ ಸರಿಯಾದ ಡ್ರೈವರ್ ಆರಿಸಿ ಲೋಗೋವನ್ನು ಪ್ರಿಂಟ್ ಟು ಫೈಲ್ ಮಾಡಿ. ಆ ಫೈಲಿನಲ್ಲಿ ಇರುವುದು ಪ್ರಿಂಟರ್‌ಗೆ ಬೇಕಾದ ಬೈಟ್‌ಗಳೇ. ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೊನೆಯಲ್ಲಿ ಹಾಳೆ ಹೊರಹಾಕುವ 12 ಎಂಬ ಬೈಟ್ ಇದ್ದರೆ ತೆಗೆಯಿರಿ, ಅದರ ಜಾಗಕ್ಕೆ ಎಸ್ಕೇಪ್ 2 ಹಾಕಿ ಸಾಲಿನ ಅಂತರವನ್ನು ಮಾಮೂಲಿಗೆ ತನ್ನಿ. ಬಿಲ್ಲಿಗೆ ಮೊದಲು ಈ ಫೈಲನ್ನು ಕಾಪಿ ಸ್ಲ್ಯಾಶ್ ಬಿ ಮೂಲಕ ಕಳಿಸುವ ಒಂದು ಬ್ಯಾಚ್ ಫೈಲ್ ಸಾಕು.

ಕ್ಯೂಆರ್ ಕೋಡ್ ಎಷ್ಟು ದೊಡ್ಡದಿರಬೇಕು

ಈಗ ಎಲ್ಲರೂ ಕೇಳುವುದು ಇದನ್ನೇ. ಯುಪಿಐ ಕೋಡ್‌ನಲ್ಲಿ ಇರುವುದು ಚಿಕ್ಕ ವಿಷಯ, ಐಡಿ ಮತ್ತು ಹೆಸರು. 100 ಅಕ್ಷರದ ಒಳಗಿದ್ದರೆ ಅಡ್ಡಕ್ಕೂ ಉದ್ದಕ್ಕೂ 41 ಮನೆಗಳ, ಅಂದರೆ ಕಪ್ಪು ಬಿಳುಪು ಪುಟ್ಟ ಚೌಕಗಳ, ಕೋಡ್ ಸಾಕಾಗುತ್ತದೆ. ಸುತ್ತ ನಾಲ್ಕು ನಾಲ್ಕು ಮನೆ ಖಾಲಿ ಬಿಡಬೇಕು, ಒಟ್ಟು 49. ಒಂದು ಮನೆಗೆ 9 ಪಿನ್ ಪ್ರಿಂಟರ್‌ನಲ್ಲಿ ಎರಡೂ ದಿಕ್ಕಿಗೆ 2 ಚುಕ್ಕಿ ಕೊಟ್ಟರೆ 98 ಚುಕ್ಕಿ, ಸುಮಾರು ಒಂದೂಕಾಲು ಒಂದೂವರೆ ಇಂಚು. 3 ಚುಕ್ಕಿ ಕೊಟ್ಟರೆ ಎರಡು ಇಂಚು, ಓದುವುದು ಹೆಚ್ಚು ಖಚಿತ. ಮನೆಗಳು ಚೌಕವಾಗಿರಲು ನಕ್ಷತ್ರದ ಆಜ್ಞೆಯಲ್ಲಿ 5ನೇ ಮೋಡ್ ಆರಿಸಿ. ಅದರಲ್ಲಿ ಅಡ್ಡಕ್ಕೂ ಇಂಚಿಗೆ 72 ಚುಕ್ಕಿ. ಒಂದೇ ದಿಕ್ಕಿನ ಪ್ರಿಂಟಿಂಗ್ ಆನ್ ಇರಲಿ, ರಿಬ್ಬನ್ ಹೊಸದಿರಲಿ. ಮಾಸಿದ ರಿಬ್ಬನ್‌ನಲ್ಲಿ ಮೂಡಿದ ಬೂದು ಕೋಡನ್ನು ಫೋನ್ ಕ್ಯಾಮೆರಾ ಓದುವುದಿಲ್ಲ. ಕೆಳಗಿನ ಕಾರ್ಬನ್ ಪ್ರತಿಯ ಕೋಡ್ ಮೇಲೂ ಆಸೆ ಇಟ್ಟುಕೊಳ್ಳಬೇಡಿ.

ಜಿಎಸ್‌ಟಿಯ ಇ-ಇನ್‌ವಾಯ್ಸ್‌ನ ಕೋಡ್ ಹಾಗಲ್ಲ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅದರ ಕೋಡ್‌ನಲ್ಲಿ ಡಿಜಿಟಲ್ ಸಹಿಯೂ ಸೇರಿ ನೂರಾರು ಅಕ್ಷರ ಇರುತ್ತವೆ, ಮನೆಗಳು ತುಂಬಾ ಒತ್ತಾಗಿರುತ್ತವೆ. 101 ಮನೆಗಳ ಕೋಡ್ ಅಂತ ಲೆಕ್ಕ ಹಿಡಿದರೂ ಖಾಲಿ ಜಾಗ ಸೇರಿ 109. 9 ಪಿನ್‌ನಲ್ಲಿ ಮನೆಗೆ 2 ಚುಕ್ಕಿಯಂತೆ 3 ಇಂಚು ದಾಟುತ್ತದೆ, ಅಷ್ಟಾದರೂ ಚುಕ್ಕಿಗಳು ಒಂದಕ್ಕೊಂದು ತಾಗಿ ಓದಲು ಕಷ್ಟ. 24 ಪಿನ್‌ನಲ್ಲಿ ಮನೆಗೆ 3 ಚುಕ್ಕಿಯಂತೆ ಎರಡು ಇಂಚಿನೊಳಗೆ ಕೂರುತ್ತದೆ, ಪ್ರಯತ್ನ ಮಾಡಬಹುದು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರಾಗಲಿ, ಭೀಮಸಮುದ್ರದ ಅಡಿಕೆ ವ್ಯಾಪಾರಿಗಳಾಗಲಿ, 9 ಪಿನ್ ಪ್ರಿಂಟರ್ ಇಟ್ಟುಕೊಂಡು ಇದನ್ನು ಕೇಳಿದರೆ ನನ್ನ ಸಲಹೆ ಒಂದೇ. ಇ-ಇನ್‌ವಾಯ್ಸ್ ಹಾಳೆಯನ್ನು ಲೇಸರ್ ಪ್ರಿಂಟರ್‌ನಲ್ಲಿ ತೆಗೆಯಿರಿ. ತೂಕದ ಚೀಟಿ, ಎಲ್‌ಆರ್ (ಲಾರಿ ರಸೀದಿ), ಗೇಟ್ ಪಾಸ್, ಅಂದರೆ ಕಾರ್ಬನ್ ಪ್ರತಿ ಬೇಕಾದವೆಲ್ಲ ಹಳೇ ಪ್ರಿಂಟರ್‌ನಲ್ಲೇ ನಡೆಯಲಿ.